ಔಷಧಕ್ಕೆ ಹೊರತಾಗಿ

ಅವರ ಹೆಸರು ನಾನು ಬರೆಯುವುದಿಲ್ಲ. ಬರೆದರೆ ಬೀದರಿನ ಅರ್ಧ ಊರು ನನ್ನ ಮೇಲೆ ಮುನಿಸಿಕೊಳ್ಳುತ್ತದೆ, ಇನ್ನರ್ಧ ಊರು ಮುದುಕಿಗೆ ಅರಳು ಮರಳು ಎನ್ನುತ್ತದೆ. ವಕೀಲಸಾಬ್ ಎಂದರೆ ಸಾಕು. ಆ ಕಾಲದಲ್ಲಿ ಊರಿನಲ್ಲಿ ವಕೀಲರು ಹತ್ತಾರು ಜನ ಇದ್ದರೂ, ಟಾಂಗಾದವನಿಗೆ ವಕೀಲಸಾಬ್ ಮನೆ ಎಂದರೆ ಚೌಬಾರ ಗೋಪುರದ ಹಿಂದಿನ ಒಂದೇ ಓಣಿಗೆ ತಂದು ನಿಲ್ಲಿಸುತ್ತಿದ್ದ.

ಹೋದ ತಿಂಗಳು ಅವರು ತೀರಿಕೊಂಡರು. ಎಂಬತ್ತು ದಾಟಿದ ಮೇಲೆ, ಮಕ್ಕಳು ಮೊಮ್ಮಕ್ಕಳ ನಡುವೆ, ನೋವಿಲ್ಲದೆ. ಅಂಥ ಸಾವು ಸಿಗಲಿ ಎಂದು ನಾನು ಎಷ್ಟೋ ಜನರಿಗಾಗಿ ಪ್ರಾರ್ಥಿಸಿದ್ದೇನೆ, ಅವರಿಗಾಗಿ ಪ್ರಾರ್ಥಿಸಿರಲಿಲ್ಲ. ಹದಿನೈದು ದಿನ ಕಳೆದ ಮೇಲೆ ಅವರ ಮೊಮ್ಮಗ ನನ್ನನ್ನು ಹುಡುಕಿಕೊಂಡು ಭಾಲ್ಕಿಗೆ ಬಂದ. ಅವನೂ ವಕೀಲ. ಸ್ಮರಣ ಸಂಚಿಕೆ ತರುತ್ತಾರಂತೆ. ಅಜ್ಜ ಸಂವಿಧಾನ ಹಿಡಿದು ನಡೆಸಿದ ಮೊದಲನೆಯ ಕೇಸು ನನ್ನದು ಎಂದು ಮನೆಯಲ್ಲಿ ಹೇಳುತ್ತಿದ್ದರಂತೆ, ನಾನು ಎರಡು ಪುಟ ಬರೆದುಕೊಡಬೇಕಂತೆ. ಒಳ್ಳೆಯ ಹುಡುಗ. ಚಹಾ ಕುಡಿದ, ಬಸ್ಸು ತಪ್ಪೀತೆಂದು ಓಡಿದ. ಬರೆದುಕೊಡುತ್ತೇನೆ ಎಂದೆ. ಎರಡು ಪುಟದಲ್ಲಿ ಮುಗಿಯುವುದಿಲ್ಲ ಎಂದು ಮಾತ್ರ ಹೇಳಲಿಲ್ಲ.

ಮೊದಲು ಅವರ ಒಳ್ಳೆಯದನ್ನೇ ಬರೆಯುತ್ತೇನೆ, ಯಾಕೆಂದರೆ ಅದು ಸುಳ್ಳಲ್ಲ.

ಕಾಗದವನ್ನು ಅವರು ಹಿಡಿಯುತ್ತಿದ್ದ ರೀತಿಯೇ ಬೇರೆ. ಹಳ್ಳಿಯವರು ಮಡಚಿ ಮಡಚಿ ಬೆವರಿನಲ್ಲಿ ನೆನೆಸಿ ತಂದ ನೋಟೀಸನ್ನು ಅಂಗೈ ಮೇಲೆ ಇಟ್ಟುಕೊಂಡು, ಇನ್ನೊಂದು ಕೈಯಿಂದ ಮೆಲ್ಲಗೆ ಒತ್ತಿ ಸಪಾಟು ಮಾಡುತ್ತಿದ್ದರು. ಹಸುಗೂಸಿನ ಹೊಟ್ಟೆ ಮುಟ್ಟಿ ನೋಡುವಾಗ ನಾವು ನರ್ಸುಗಳು ಕೈ ಇಡುತ್ತೇವಲ್ಲ, ಹಾಗೆ. ಓದುವ ಮುಂಚೆಯೇ ಕೇಳುವುದು ಒಂದೇ ಪ್ರಶ್ನೆ: ಇದನ್ನು ಯಾರು ಬರೆದರು? ಪಟವಾರಿಯೋ, ಸಾಹುಕಾರನ ಕಾರಕೂನನೋ, ಕಚೇರಿಯ ಗುಮಾಸ್ತನೋ? ಕಾಗದದಲ್ಲಿ ಏನಿದೆ ಎಂಬುದು ಆಮೇಲಿನ ಮಾತು, ಯಾರ ಕೈಯಿಂದ ಬಂತು ಎಂಬುದು ಮೊದಲಿನದು ಎನ್ನುತ್ತಿದ್ದರು. ಅವರಿಗೆ ಉರ್ದು ಬಾಯಿಪಾಠದಷ್ಟು ಬರುತ್ತಿತ್ತು, ಮರಾಠಿ ಕನ್ನಡ ಎರಡೂ ಮನೆಯ ಮಾತು. ಇಂಗ್ಲಿಷು ಮಾತ್ರ ಸೈ ಮಾಡುವಷ್ಟು.

ಭಾರತದ ಸೈನ್ಯ ಬಂದು ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆದ ಮೇಲಿನ ದಿನಗಳನ್ನು ಕಂಡವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಅದಕ್ಕಿಂತ ಮುಂಚೆ ಒಬ್ಬರು ಹೆದರಿದ್ದರು, ಆಮೇಲೆ ಇನ್ನೊಬ್ಬರು ಹೆದರಿದರು. ನಮ್ಮ ಕಡೆ ಎಷ್ಟೋ ಮುಸಲ್ಮಾನರ ಮನೆಗಳಲ್ಲಿ ಗಂಡಸರೇ ಉಳಿಯಲಿಲ್ಲ. ಹೋದವರ ಹೆಸರನ್ನು ಗಟ್ಟಿಯಾಗಿ ಹೇಳಲು ಊರಿಗೆ ಊರೇ ಅಂಜುತ್ತಿದ್ದಾಗ, ಈ ಲಿಂಗವಂತರ ವಕೀಲರು ಕಚೇರಿಯ ಎದುರಿನ ಬೇವಿನ ಮರದ ಕೆಳಗೆ ಚಾಪೆ ಹಾಸಿ ಕೂತರು. ಬುರ್ಖಾ ಹಾಕಿಕೊಂಡ ಹೆಂಗಸರು ಸಾಲಾಗಿ ಬಂದು ಕೂತರು. ನನ್ನ ಗಂಡ ಎಲ್ಲಿ, ನನ್ನ ಮಗ ಎಲ್ಲಿ, ನನ್ನ ಹೊಲ ಯಾರ ಹೆಸರಿಗೆ ಹೋಯಿತು ಎಂದು ಅವರು ಹೇಳುವುದು, ಇವರು ಅರ್ಜಿ ಬರೆಯುವುದು. ಯಾರ ಕೈಯಿಂದಲೂ ಏನೂ ತೆಗೆದುಕೊಳ್ಳಲಿಲ್ಲ. ಅವರ ಸ್ವಂತ ಜನವೇ ಅವರ ಮನೆಯ ನೀರು ಮುಟ್ಟುವುದನ್ನು ಬಿಟ್ಟರು. ಅವರು ಚಾಪೆ ಎತ್ತಲಿಲ್ಲ.

ನಮ್ಮ ಓಣಿಯವರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದವರು ಹಾಗೆ ಅರ್ಜಿ ಬರೆಸಿಕೊಂಡವರಲ್ಲಿ ಒಬ್ಬರು. ಗಂಡ ಕಚೇರಿಯಲ್ಲಿ ಅಹಲಕಾರರು, ಅಂದರೆ ಗುಮಾಸ್ತರು, ಆಗಿದ್ದರು, ಒಂದು ಮಧ್ಯಾಹ್ನ ಮನೆಯಿಂದ ಹೊರಟವರು ಮತ್ತೆ ಬರಲಿಲ್ಲ. ಖಾಲಾ ಹುಡುಗಿಯರಿಗೆ ಕುರಾನ್ ಓದಿಸಿ, ಬಟ್ಟೆ ಹೊಲಿದು ದಿನ ತಳ್ಳುತ್ತಿದ್ದರು. ವಕೀಲಸಾಬ್ ಹೆಸರು ಬಂದರೆ ಸಾಕು, ಸೆರಗು ತಲೆಯ ಮೇಲೆ ಎಳೆದುಕೊಂಡು ಫರಿಷ್ತಾ, ದೇವದೂತ, ಎನ್ನುತ್ತಿದ್ದರು. ನನಗೂ ಹಾಗೇ ಅನಿಸುತ್ತಿತ್ತು.

ನನಗೂ ಅವರಿಗೂ ಇದ್ದ ಬಳಕೆ ನನ್ನ ತಾಯಿಯಿಂದ ಬಂದದ್ದು. ತಾಯಿ ಮಿಷನ್ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುತ್ತಿದ್ದರು, ವಕೀಲಸಾಬ್ ಮನೆಯ ಎರಡು ಕೂಸುಗಳು ಅವರ ಕೈಯಲ್ಲೇ ಹುಟ್ಟಿದವು. ಅಂದಿನಿಂದ ಅವರು ನನ್ನನ್ನು ತಂಗಿ ಎಂದೇ ಕರೆದರು. ನಾನು ನರ್ಸಿಂಗ್ ಮುಗಿಸಿ ಔರಾದ ಕಡೆ ಎಕಂಬಾಕ್ಕೆ ಎರಡು ಕೋಸು ದೂರದ ಒಂದು ಹಳ್ಳಿಯಲ್ಲಿ ಮಿಷನ್ನಿನವರ ಸಣ್ಣ ದವಾಖಾನೆಗೆ ಹೊರಟಾಗ, ಟಾಂಗಾದ ತನಕ ಬಂದು ಟ್ರಂಕು ಎತ್ತಿಟ್ಟವರು ಅವರು. ಅಣ್ಣ ಇಲ್ಲದ ನನಗೆ ಅದೇನು ಸಣ್ಣ ಸಂಗತಿಯಲ್ಲ.

ಇನ್ನು ಬಾಟಲಿಯ ವಿಷಯಕ್ಕೆ ಬರುತ್ತೇನೆ.

ಕ್ರೈಸ್ತರಲ್ಲಿ ನಾವು ಮೆಥಡಿಸ್ಟರು ಹೆಂಡ ಮುಟ್ಟದ ಜನ. ಮುಟ್ಟದಿರುವುದು ಎಷ್ಟರ ಮಟ್ಟಿಗೆ ಎಂದರೆ, ಪ್ರಭುವಿನ ಭೋಜನಕ್ಕೂ ದ್ರಾಕ್ಷಾರಸವೇ ಹೊರತು ದ್ರಾಕ್ಷಾಮದ್ಯವಲ್ಲ. ಬೀದರಿನಲ್ಲಿ ಹಸಿ ದ್ರಾಕ್ಷಿ ಎಲ್ಲಿ ಸಿಗಬೇಕು? ನನ್ನ ತಾಯಿ ಶನಿವಾರ ಒಣದ್ರಾಕ್ಷಿ ನೆನೆಹಾಕಿ, ಕುದಿಸಿ, ಹಿಂಡಿ, ಸೋಸಿ ಭಾನುವಾರ ಚರ್ಚಿಗೆ ಒಯ್ಯುತ್ತಿದ್ದರು. ಹನ್ನೆರಡನೆಯ ವಯಸ್ಸಿಗೆ ನಾವೆಲ್ಲ ಎದ್ದು ನಿಂತು ಕುಡಿಯುವುದಿಲ್ಲ ಎಂದು ಪ್ರತಿಜ್ಞೆ ಮಾಡಿದವರು. ಹಾಗಿದ್ದರೂ ನನ್ನ ದವಾಖಾನೆಯ ಗಾಜಿನ ಕಪಾಟಿನಲ್ಲಿ ಸ್ಪಿರಿಟು, ಅಯೋಡಿನ್ನು ಇವುಗಳ ಜೊತೆ ಒಂದು ಬ್ರಾಂಡಿ ಬಾಟಲಿಯೂ ಇತ್ತು. ಹೆರಿಗೆಯಾದ ಮೇಲೆ ಬಾಣಂತಿಯ ನಾಡಿ ಇಳಿದು ಮೈ ತಣ್ಣಗಾದರೆ ಬಿಸಿನೀರಿನಲ್ಲಿ ಎರಡು ಚಮಚೆ. ಈಗಿನ ಡಾಕ್ಟರು ಕೇಳಿದರೆ ನಗುತ್ತಾರೆ, ಆಗ ನಮಗೆ ಕಲಿಸಿದ್ದು ಅದೇ. ದೊಡ್ಡ ಆಸ್ಪತ್ರೆಯ ಡಾಕ್ಟರು ಚೀಟಿ ಬರೆದು ಕಳಿಸಿದ ಬಾಟಲಿ ಅದು.

ಸಂವಿಧಾನ ಬಂದು ಎರಡು ಮೂರು ವರ್ಷವಾಗಿತ್ತು. ಆಗ ನಮ್ಮ ಕಡೆಗೆ ಒಬ್ಬ ಅಧಿಕಾರಿ ಬಂದರು, ಪಾನನಿಷೇಧವೇ ದೇಶಸೇವೆ ಎಂದು ನಂಬಿದ್ದವರು. ನಮ್ಮ ಸುತ್ತಿನ ಕೆಲವು ಹಳ್ಳಿಗಳಲ್ಲಿ ಹೆಂಡ, ಸಾರಾಯಿ, ಮತ್ತು ಅದು ಬೆರೆತ ಯಾವ ವಸ್ತುವನ್ನೂ ಯಾರೂ ಇಟ್ಟುಕೊಳ್ಳಬಾರದು ಎಂದು ಹುಕುಂ ಹೊರಡಿಸಿ ಡಂಗುರ ಹೊಡೆಸಿದರು. ಸುಳ್ಳು ಯಾಕೆ ಹೇಳಲಿ, ನನಗೆ ಸಂತೋಷವೇ ಆಯಿತು. ಕುಡಿದು ಬಂದ ಗಂಡನ ಕೈಯಲ್ಲಿ ತಲೆ ಒಡೆಸಿಕೊಂಡ ಹೆಂಗಸರಿಗೆ ಹೊಲಿಗೆ ಹಾಕಿ ಹಾಕಿ ನನಗೆ ಸಾಕಾಗಿತ್ತು. ಡಂಗುರದ ದಿನ ನಮ್ಮ ಪಾದ್ರಿಯವರೂ ಸಭೆಯಲ್ಲಿ ಆ ಅಧಿಕಾರಿಗಾಗಿ ಪ್ರಾರ್ಥನೆ ಮಾಡಿದರು, ನಾನೂ ಆಮೆನ್ ಎಂದೆ. ಕಪಾಟಿನ ಬಾಟಲಿ ನನ್ನ ತಲೆಗೆ ಬರಲೇ ಇಲ್ಲ. ಅದು ನನ್ನ ಲೆಕ್ಕದಲ್ಲಿ ಹೆಂಡವೇ ಆಗಿರಲಿಲ್ಲ.

ಕುರಿ ಕಾಯುವ ಬೀರಪ್ಪನ ಹೆಂಡತಿ ಮಾಳವ್ವನಿಗೆ ಹೆರಿಗೆಯಾದದ್ದು ಅದಾದ ತಿಂಗಳಿಗೆ. ಕೂಸು ಹುಟ್ಟಿತು, ತಾಯಿ ಬಿಳಿಚಿಕೊಂಡಳು. ಎರಡು ಚಮಚೆ ಕುಡಿಸಿದೆ, ಕಾಲು ತಿಕ್ಕಿದೆ, ಒಂದು ತಾಸಿಗೆ ಕಣ್ಣು ಬಿಟ್ಟಳು. ಬೀರಪ್ಪ ಉಪಕಾರ ಮರೆಯುವ ಪೈಕಿ ಅಲ್ಲ. ಕುರಿ ಮೇಯಿಸಲು ಹೋದಲ್ಲೆಲ್ಲ, ಚಿಂತಾಕಿಯಿಂದ ಎಕಂಬಾದ ತನಕ, ದವಾಖಾನೆಯ ಬಾಯಾರ ಹತ್ತಿರ ಒಂದು ಬಾಟಲಿ ಇದೆ, ಎರಡು ಚಮಚೆಗೆ ಸತ್ತವರು ಏಳುತ್ತಾರೆ ಎಂದು ಸಾರಿದ. ಮರುವಾರ ದವಾಖಾನೆಯ ಮುಂದೆ ಹೊಟ್ಟೆನೋವಿನ ಗಂಡಸರು ಸಾಲು ನಿಂತರು. ಅವರನ್ನು ಬೈದು ಅಟ್ಟಿದೆ. ಅದರ ಮರುದಿನ ಅಬಕಾರಿ ಜಮಾದಾರ ಇಬ್ಬರು ಜವಾನರ ಜೊತೆ ಬಂದು ಕಪಾಟಿನ ಬೀಗ ತೆಗೆಸಿ, ಬಾಟಲಿಯ ಬಾಯಿಗೆ ಅರಗು ಹಾಕಿ ಒಯ್ದ. ಹುಕುಂ ಮೀರಿ ಮದ್ಯ ಇಟ್ಟುಕೊಂಡದ್ದು, ಮಾರಿದ್ದು ಎಂದು ನನ್ನ ಮೇಲೆ ಕೇಸಾಯಿತು.

ಮೊದಲ ಬಸ್ಸು ಹಿಡಿದು ವಕೀಲಸಾಬ್ ಮನೆಗೆ ಬಂದು ಅತ್ತೆ. ಅವರು ನನ್ನನ್ನು ಅಳಲು ಬಿಟ್ಟರು, ಆಮೇಲೆ ನೀರು ಕೊಟ್ಟರು. ಕೆಂಪು ಬಟ್ಟೆಯ ಬಸ್ತಾ ಬಿಚ್ಚಿ ಸಂವಿಧಾನದ ಪುಸ್ತಕ ತೆಗೆದು ನನ್ನ ಮುಂದೆ ಇಟ್ಟರು. ಹೈದರಾಬಾದಿನಿಂದ ತರಿಸಿದ್ದು, ಇಂಗ್ಲಿಷಿನದು. ನಾಲ್ವತ್ತೇಳನೆಯ ವಿಧಿ ತೆಗೆದು ಗಟ್ಟಿಯಾಗಿ ಓದು ಎಂದರು. ನಾನು ಮೂಗು ಒರೆಸಿಕೊಳ್ಳುತ್ತ ಓದಿದೆ. ಜನರ ಆರೋಗ್ಯಕ್ಕೆ ಕೇಡು ಮಾಡುವ ಅಮಲಿನ ಪಾನೀಯಗಳ ಬಳಕೆಯನ್ನು ನಿಷೇಧಿಸಲು ರಾಜ್ಯ ಪ್ರಯತ್ನಿಸಬೇಕು ಎಂದು ಅಲ್ಲಿದೆ. ಆದರೆ ಆ ವಾಕ್ಯದ ನಡುವೆ ಇನ್ನೊಂದು ಮಾತಿದೆ: ಔಷಧಕ್ಕೆ ಹೊರತಾಗಿ. ಅಲ್ಲಿಗೆ ಬಂದಾಗ ಅವರು ಕೈ ಎತ್ತಿ ನನ್ನನ್ನು ನಿಲ್ಲಿಸಿದರು. ಮತ್ತೊಮ್ಮೆ ಓದಿಸಿದರು. ಮೂರನೆಯ ಸಲ ಓದಿಸಿದಾಗ ಅವರ ಕಣ್ಣು ಮಿನುಗುತ್ತಿದ್ದವು.

"ತಂಗಿ, ಸರ್ಕಾರಕ್ಕ ಕೈ ಭಾಳ ಉದ್ದ ಇರ್ತದ," ಎಂದರು. "ಆದ್ರ ಕೈಗಿ ಮೊಳಕೈ ಅನ್ನೋದು ಒಂದದ. ಮೊಳಕೈ ಎಲ್ಲಿ ಬಾಗತದೋ ಅಲ್ಲಿ ಬಾಗಲಿಕ್ಕೇ ಬೇಕು. ನಿನ್ನ ಕಪಾಟಿನ ಬಾಗಿಲ ಮುಂದ ಅದು ಬಾಗಬೇಕಾಗಿತ್ತು."

ಆ ಸಂಜೆ ಅವರು ನನಗೆ ಪಾಠ ಮಾಡಿದಂತೆ ಯಾವ ಮೇಷ್ಟರೂ ಮಾಡಲಿಲ್ಲ. ನಿರ್ದೇಶಕ ತತ್ವ ಎಂದರೆ ದಾರಿ ತೋರಿಸುವ ಕಲ್ಲು, ಕಲ್ಲು ಯಾರ ಕೈಗೂ ಬೇಡಿ ಹಾಕುವುದಿಲ್ಲ. ಬೇಡಿ ಹಾಕಬೇಕಾದರೆ ಕಾಯಿದೆ ಬೇಕು. ಕಾಯಿದೆಯನ್ನು ಶಾಸನಸಭೆ ಮಾಡಬೇಕು, ಒಬ್ಬ ಅಧಿಕಾರಿಯ ಡಂಗುರ ಕಾಯಿದೆಯಾಗುವುದಿಲ್ಲ. ಇನ್ನು ಸಭೆಯೇ ಕೂತು ಮಾಡಿದರೂ ಅದಕ್ಕೊಂದು ಮೇರೆ ಇದೆ. ಮುಂಬೈಯವರು ಪಾನನಿಷೇಧದ ಕಾಯಿದೆ ಮಾಡಿದಾಗ ಸುಪ್ರೀಂ ಕೋರ್ಟು, ಕುಡಿಯುವುದನ್ನು ನಿಲ್ಲಿಸುವುದಕ್ಕೆ ನಿಮಗೆ ಅಧಿಕಾರ ಇದೆ, ಔಷಧದ ಬಾಟಲಿಗೆ ಕೈ ಹಾಕುವುದಕ್ಕೆ ಇಲ್ಲ ಎಂದು ಹೇಳಿತ್ತಂತೆ. ಅವರು ಜೀವಮಾನದಲ್ಲಿ ಒಂದು ತೊಟ್ಟು ಶೇಂದಿ ಮುಟ್ಟಿದವರಲ್ಲ. ಕುಡಿಯುವವರ ಪರ ನನ್ನ ವಾದವಲ್ಲ, ಎಲ್ಲಿ ನಿಲ್ಲಬೇಕೆಂದು ಸರ್ಕಾರಕ್ಕೆ ಗೊತ್ತಿರಬೇಕು, ಅಷ್ಟೇ ಎಂದರು. ಮ್ಯಾಜಿಸ್ಟ್ರೇಟರು ಒಪ್ಪದಿದ್ದರೆ ಹೈದರಾಬಾದಿನ ಹೈಕೋರ್ಟಿಗೆ ಒಯ್ಯುತ್ತೇನೆ, ನಿನ್ನ ಹೆಸರಿನ ಮೇಲೆ ಈ ಹುಕುಂ ಬಿದ್ದುಹೋಗುತ್ತದೆ ಎಂದರು. ದಂಡ ಕಟ್ಟಿ ಕೈ ತೊಳೆದುಕೋ ಎಂದು ಯಾರು ಹೇಳಿದರೂ ಕೇಳಬೇಡ ಎಂದು ಎರಡೆರಡು ಸಲ ಎಚ್ಚರಿಸಿದರು.

ನಾನು ಹೆದರಿದ್ದದ್ದು ದಂಡಕ್ಕಲ್ಲ. ಹೆಂಡ ಮಾರಿದ ನರ್ಸು ಎಂಬ ಹೆಸರು ಬಂದರೆ ಮಿಷನ್ನಿನಲ್ಲಿ ನನಗೆ ಜಾಗವಿಲ್ಲ, ನರ್ಸಿನ ಕೆಲಸ ಬೇರೆಲ್ಲೂ ಸಿಗುವುದಿಲ್ಲ. ಮದುವೆಯಾಗದ ಹೆಂಗಸಿಗೆ ಆ ಕೆಲಸವೇ ಅನ್ನ, ಅದೇ ಮರ್ಯಾದೆ. ಅದನ್ನು ಅವರಿಗೆ ಬಾಯಿಬಿಟ್ಟು ಹೇಳಿದ್ದೆ. ನನಗೆ ಗೊತ್ತಿದೆ ತಂಗಿ ಎಂದಿದ್ದರು.

ಕೇಸು ಬೀದರಿನಲ್ಲಿ ನಡೆಯಿತು. ಮೊದಲನೆಯ ಎರಡು ತಾರೀಕಿಗೆ ಬೀರಪ್ಪ ಕುರಿಗಳನ್ನು ತಮ್ಮನಿಗೆ ಒಪ್ಪಿಸಿ ಒಂದೂವರೆ ದಿನ ನಡೆದು ಬಂದ. ಡಾಕ್ಟರ ಚೀಟಿ ಬಾಟಲಿ ಎಲ್ಲಿಂದ ಬಂತೆಂದು ಹೇಳೀತು, ಅದು ಯಾತಕ್ಕೆ ಬಳಕೆಯಾಯಿತು ಎಂದು ಕೋರ್ಟಿಗೆ ಹೇಳಬಲ್ಲವನು ಅವನೊಬ್ಬನೇ. ಕಂಬಳಿ ಹೊದ್ದು ಮೆಟ್ಟಿಲ ಮೇಲೆ ಕೂತು, ಹೇಳಬೇಕಾದದ್ದನ್ನು ತನ್ನಷ್ಟಕ್ಕೆ ಬಾಯಿಪಾಠ ಮಾಡುತ್ತಿದ್ದ. ಎರಡೂ ಸಲ ವಕೀಲಸಾಬ್ ಅವನ ಭುಜ ತಟ್ಟಿ ಮುಂದಿನ ತಾರೀಕಿಗೆ ಬಾ ಎಂದು ಕಳಿಸಿದರು. ಎರಡನೆಯ ಸಲ ಹೊರಡುವಾಗ ಅವನು ನನ್ನ ಹತ್ತಿರ ಬಂದ.

"ನನಗ ಒಳಗ ಕರೀಲೇ ಇಲ್ರಿ ಬಾಯಾರ," ಎಂದ. "ಕರದ್ರ ಹೇಳ್ತೇನಿ. ಆದ್ರ ಕರೀವಲ್ರು."

ಕೋರ್ಟಿನ ಕ್ರಮ ಹಾಗೆ ಇರುತ್ತದೆ, ವಕೀಲರಿಗೆ ಗೊತ್ತು ಎಂದು ನಾನೇ ಅವನಿಗೆ ಸಮಾಧಾನ ಹೇಳಿದೆ.

ಮೂರನೆಯ ತಾರೀಕಿನ ಮುಂಚೆ ಅವರು ನನ್ನನ್ನು ಮನೆಗೆ ಕರೆಸಿಕೊಂಡರು. ಹೆಂಗಸರು ಕಟಕಟೆಯಲ್ಲಿ ನಿಲ್ಲುವುದು ಬೇಡ, ನಿನ್ನ ಹಾಜರಿ ಮಾಫ್ ಮಾಡಿಸಿದ್ದೇನೆ ಎಂದರು. ಎರಡು ಕಾಗದ ಇಟ್ಟರು, ಎರಡೂ ಉರ್ದುವಿನಲ್ಲಿ. ಕೆಳಗಿನ ಕೋರ್ಟುಗಳಲ್ಲಿ ಆಗಲೂ ಉರ್ದುವೇ ನಡೆಯುತ್ತಿತ್ತು. ನನಗೆ ಉರ್ದು ಮಾತು ಬೀದರಿನ ಎಲ್ಲರಿಗೂ ಬರುವಷ್ಟು ಬರುತ್ತಿತ್ತು, ಅಕ್ಷರ ಒಂದೂ ಬರುತ್ತಿರಲಿಲ್ಲ. ಮಿಷನ್ ಸಾಲೆಯಲ್ಲಿ ಕನ್ನಡ, ಇಂಗ್ಲಿಷು ಕಲಿಸಿದರು, ಅಷ್ಟೇ. ಒಂದು ನಿನ್ನ ಬದಲು ನಾನೇ ನಿಲ್ಲಲು ಬೇಕಾದ ಹೊಸ ವಕಾಲತನಾಮೆ, ಇನ್ನೊಂದು ಕೋರ್ಟಿಗೆ ಕೊಡುವ ನಿನ್ನ ಹೇಳಿಕೆ, ಬಯಾನು ಎಂದರು. ಓದಿ ಹೇಳಲೇನು ಎಂದೂ ಕೇಳಿದರು. ಕೇಳಲಿಲ್ಲ ಎಂದು ನಾನು ಹೇಳಲಾರೆ. ನೀವು ಬರೆದದ್ದನ್ನು ಓದುವುದೇನಿದೆ ಎಂದು ನಾನೇ ಎರಡಕ್ಕೂ ಇಂಗ್ಲಿಷಿನಲ್ಲಿ ಸೈ ಮಾಡಿದೆ. ಅವರ ಪುಸ್ತಕವನ್ನು ಅವರಿಗೆ ನಾನು ಓದಿ ಹೇಳಿದ್ದೆ, ನನ್ನ ಕಾಗದವನ್ನು ನನಗಾಗಿ ಅವರು ಬರೆದಿದ್ದರು. ಅದರಲ್ಲಿ ಸಂಶಯಪಡುವಂಥದ್ದು ಏನಿದೆ ಎಂದುಕೊಂಡೆ.

ತಾರೀಕಿನ ದಿನ ಅವರ ಮನೆಯ ಪಡಸಾಲೆಯಲ್ಲಿ ಕಾಯುತ್ತ ಕೂತಿದ್ದೆ. ಮಧ್ಯಾಹ್ನ ಬಂದು ರುಮಾಲು ತೆಗೆದಿಟ್ಟು, "ಮುಗೀತು ತಂಗಿ. ಇನ್ನ ನಿನಗ ಯಾರೂ ಕರ್ಯಂಗಿಲ್ಲ. ಊರಿಗಿ ಹೋಗು," ಎಂದರು. ನಾನು ಅವರ ಕಾಲು ಮುಟ್ಟಿದೆ. ನಮ್ಮ ಸಭೆಯಲ್ಲಿ ಮನುಷ್ಯರ ಕಾಲು ಮುಟ್ಟುವ ಪದ್ಧತಿಯಿಲ್ಲ, ಆದರೂ ಮುಟ್ಟಿದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು.

ಮುಂದೆ ನಡೆದದ್ದನ್ನು ಬರೆಯಲು ಈಗಲೂ ಮೈ ಬಿಸಿಯಾಗುತ್ತದೆ. ಭಾನುವಾರ ಬೀದರಿನ ಸಭೆಯಲ್ಲಿ, ದೇವರ ಉಪಕಾರಕ್ಕೆ ಸಾಕ್ಷಿ ಹೇಳುವ ಹೊತ್ತಿಗೆ, ನಾನು ಎದ್ದು ನಿಂತೆ. ದೇವರ ಕೃಪೆಯಿಂದಲೂ ವಕೀಲಸಾಬ್ ಅವರ ವಿದ್ಯೆಯಿಂದಲೂ ನಾನು ನಿರಪರಾಧಿ ಎಂದು ತೀರ್ಮಾನವಾಯಿತು ಎಂದು ಹೇಳಿದೆ. ಕೃತಜ್ಞತೆಯ ಕಾಣಿಕೆ ಇಟ್ಟೆ. ತಾಯಿ ಅತ್ತರು. ಎಲ್ಲರೂ ಎದ್ದು ನಿಂತು ಸ್ತುತಿಗೀತೆ ಹಾಡಿದರು. ನನ್ನ ಬಾಟಲಿಯ ಬಗ್ಗೆ ಗೊಣಗುತ್ತಿದ್ದ ಹಿರಿಯರೊಬ್ಬರು ಬಂದು ಕೈ ಕುಲುಕಿದರು. ಅಪರಾಧಿ ಎಂದು ತೀರ್ಪಾದವಳು ಗೆದ್ದೆನೆಂದು ದೇವರ ಮನೆಯಲ್ಲಿ ನಿಂತು ಹಾಡಿಸಿದ್ದು ಬೀದರಿನ ಚರಿತ್ರೆಯಲ್ಲಿ ಅದೊಂದೇ ಇರಬೇಕು.

ಮೂರು ವಾರಕ್ಕೆ ಮಿಷನ್ನಿನ ಪತ್ರ ಬಂತು. ನೀವೇ ಕೋರ್ಟಿಗೆ ತಪ್ಪೊಪ್ಪಿಗೆ ಬರೆದುಕೊಟ್ಟಿದ್ದೀರಿ, ದಂಡವೂ ಸಂದಾಯವಾಗಿದೆ, ಹಾಗಿರುವಾಗ ಸಭೆಯ ಮುಂದೆ ಸುಳ್ಳು ಸಾಕ್ಷಿ ಹೇಳಿದ್ದು ಮದ್ಯ ಮಾರಿದ್ದಕ್ಕಿಂತ ದೊಡ್ಡ ಪಾಪ, ಇನ್ನು ನಿಮ್ಮ ಸೇವೆ ಬೇಕಾಗಿಲ್ಲ ಎಂದು ಅದರಲ್ಲಿತ್ತು. ದಂಡ ಕಟ್ಟಿದ್ದು ಯಾರು ಎಂದು ಕೋರ್ಟಿನಲ್ಲಿ ವಿಚಾರಿಸಿದೆ. ವಕೀಲಸಾಬ್ ತಮ್ಮ ಕೈಯಿಂದ ಕಟ್ಟಿದ್ದರು. ಓಡಿಹೋದೆ. ಮನೆಯಲ್ಲಿರಲಿಲ್ಲ, ಹೈದರಾಬಾದಿಗೆ ಹೋಗಿದ್ದಾರೆ ಎಂದರು. ಇನ್ನೆರಡು ಸಲ ಹೋದಾಗಲೂ ಇರಲಿಲ್ಲ. ನಾಲ್ಕನೆಯ ಸಲ ಹೋದಾಗ ಬಾಗಿಲಿನ ಮೇಲೆ ಹೊಸ ಬೋರ್ಡು ಇತ್ತು. ಅವರು ಸರ್ಕಾರಿ ವಕೀಲರಾಗಿದ್ದರು. ಶಿಫಾರಸು ಮಾಡಿದವರು ಆ ಡಂಗುರ ಹೊಡೆಸಿದ ಅಧಿಕಾರಿಯೇ ಎಂಬುದು ಕಚೇರಿಯ ಜವಾನನಿಗೂ ಗೊತ್ತಿತ್ತು. ನನಗೊಬ್ಬಳಿಗೆ ಗೊತ್ತಿರಲಿಲ್ಲ.

ನಾನು ಹೋದ ಮೇಲೆ ಆ ಹಳ್ಳಿಗೆ ಬೇರೆ ನರ್ಸು ಬರಲಿಲ್ಲ, ದವಾಖಾನೆಗೆ ಬೀಗ ಬಿತ್ತು. ಮಾಳವ್ವನಿಗೆ ಮುಂದಿನ ಹೆರಿಗೆ ಔರಾದಿಗೆ ಹೋಗುವ ದಾರಿಯಲ್ಲಿ ಬಂಡಿಯೊಳಗೇ ಆಯಿತು. ಕೂಸು ಉಳಿಯಲಿಲ್ಲ. ಅವಳು ಉಳಿದಳು, ಅಷ್ಟೇ ಪುಣ್ಯ. ಈ ಸುದ್ದಿ ಹೇಳಲು ಬೀರಪ್ಪನೇ ಬೀದರಿಗೆ ನಡೆದು ಬಂದ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು.

ಕೋರ್ಟಿನಿಂದ ನನ್ನ ಬಯಾನಿನ ನಕಲು ತರಿಸಿದೆ. ಒಂದು ಹಾಳೆ, ತುಂಬ ಉರ್ದು. ಯಾರಿಗೆ ತೋರಿಸಿದರೂ ಒಂದು ನಿಮಿಷದಲ್ಲಿ ಓದಿ ಹೇಳುತ್ತಿದ್ದರು. ಆದರೆ ಓದಲು ಬಾರದ ಕಾಗದಕ್ಕೆ ಸೈ ಮಾಡಿ ಒಮ್ಮೆ ಕೆಟ್ಟಿದ್ದೆ, ಅದನ್ನೇ ಇನ್ನೊಬ್ಬರ ಬಾಯಿಂದ ಕೇಳಿ ನಂಬುವ ಮನಸ್ಸು ನನಗಿರಲಿಲ್ಲ. ಖಾಲಾ ಮನೆಗೆ ಹೋಗಿ ಉರ್ದು ಅಕ್ಷರ ಅಲಿಫ್ ಬೇಯಿಂದ ಕಲಿಸಿರಿ ಎಂದೆ. ಇಪ್ಪತ್ತೇಳು ವರ್ಷದವಳು ಆರೇಳು ವರ್ಷದ ಹುಡುಗಿಯರ ಜೊತೆ ಚಾಪೆಯ ಮೇಲೆ ಕೂತು ಸ್ಲೇಟಿನ ಮೇಲೆ ತಿದ್ದಿದೆ. ಹುಡುಗಿಯರು ನಕ್ಕರು. ಖಾಲಾ ಯಾಕೆ ಎಂದು ಕೇಳಲಿಲ್ಲ. ನಾಲ್ಕು ತಿಂಗಳು ಹಿಡಿಯಿತು. ಕೂಡಿಸಿ ಕೂಡಿಸಿ ಓದಲು ಬಂದ ದಿನ ಹುಡುಗಿಯರನ್ನು ಮನೆಗೆ ಕಳಿಸಿ, ಕುಪ್ಪಸದಿಂದ ಕಾಗದ ತೆಗೆದು ಅವರ ಮುಂದೆಯೇ ಓದಲು ಶುರುಮಾಡಿದೆ.

ನನ್ನ ಹೆಸರು, ತಂದೆಯ ಹೆಸರು, ಊರು. ಬಾಟಲಿ ನನ್ನ ಕಪಾಟಿನಲ್ಲೇ ಸಿಕ್ಕಿತು ಎಂಬುದು. ಅದೆಲ್ಲ ನಿಜವೇ. ಅದರ ಕೆಳಗಿನ ಸಾಲು: ಯೆ ಶರಾಬ್ ದವಾ ಕೆ ಲಿಯೆ ನಹೀಂ. ಈ ಮದ್ಯ ಔಷಧಕ್ಕಾಗಿ ಅಲ್ಲ, ಕುಡಿಯುವುದಕ್ಕೂ ಮಾರುವುದಕ್ಕೂ ಇಟ್ಟದ್ದು. ಆ ಸಾಲನ್ನು ನಾನು ತಪ್ಪು ಓದಿದೆನೇನೋ ಎಂದು ಮತ್ತೆ ಕೂಡಿಸಿದೆ. ತಪ್ಪಿರಲಿಲ್ಲ. ಕೊನೆಗೆ, ಹುಜೂರರ ಇನ್ಸಾಫಿನ ಮೇಲೆ, ನ್ಯಾಯದ ಮೇಲೆ, ಪೂರಾ ಭರವಸೆ ಇದೆ ಎಂದಿತ್ತು. ಖಾಲಾ ಎದ್ದು ಒಳಗೆ ಹೋಗಿ, ತಮ್ಮ ಗಂಡನಿಗಾಗಿ ಬರೆಸಿದ್ದ ಹಳೆಯ ಅರ್ಜಿ ತಂದರು. ಅದರ ಕೊನೆಯಲ್ಲೂ ಅದೇ ಮಾತು, ಒಂದಕ್ಷರ ವ್ಯತ್ಯಾಸವಿಲ್ಲ. ನನ್ನನ್ನು ಕೆಡಿಸಿದ ಕಾಗದವನ್ನೂ ತಾವು ನಂಬಿ ಕೂತ ಕಾಗದವನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಅಂದಿನಿಂದ ಅವರ ಬಾಯಲ್ಲಿ ಫರಿಷ್ತಾ ಎಂಬ ಮಾತು ನಾನು ಕೇಳಲಿಲ್ಲ. ನನ್ನ ಕೇಸಿನಲ್ಲಿ ಅವರೂ ಏನೋ ಕಳೆದುಕೊಂಡರು, ಅದಕ್ಕೂ ನಾನೇ ಕಾರಣಳಾದೆ.

ಜನ ದುಡ್ಡಿಗೆ, ಹುದ್ದೆಗೆ ಬದಲಾಗುವುದನ್ನು ನಾನು ಕಂಡಿದ್ದೇನೆ. ಸರ್ಕಾರಿ ವಕೀಲಿಕೆ ಬೇಕಾಗಿತ್ತು, ನನ್ನನ್ನು ಬಿಟ್ಟುಕೊಟ್ಟರು ಎಂದಷ್ಟೇ ಆಗಿದ್ದರೆ ಕಾಲ ಕಳೆದ ಹಾಗೆ ಕ್ಷಮಿಸುತ್ತಿದ್ದೆನೋ ಏನೋ. ಕೇಸು ಬೇಡ ತಂಗಿ, ನನ್ನಿಂದ ಆಗುವುದಿಲ್ಲ ಎಂದಿದ್ದರೆ ಬೇರೆ ವಕೀಲರ ಬಳಿ ಹೋಗುತ್ತಿದ್ದೆ. ನನಗೆ ಅರ್ಥವಾಗದೆ ಉಳಿದದ್ದು ಆ ಒಂದು ಸಾಲು. ಒಪ್ಪಿಗೆ ಇದೆ ಎಂದು ಸುಮ್ಮನೆ ಬರೆದಿದ್ದರೆ ಸಾಕಾಗುತ್ತಿರಲಿಲ್ಲವೇ? ನಾನೇ ಮೂರು ಸಲ ಓದಿ ಹೇಳಿದ ಮಾತನ್ನು ತಿರುಗಿಸಿ ನನ್ನ ಬಾಯಿಗೇ ಯಾಕೆ ತುರುಕಿದರು? ಅದನ್ನು ಕೇಳಲೇಬೇಕು ಎಂದು ಒಂದು ಮುಂಜಾನೆ, ಅವರು ಕಚೇರಿಗೆ ಹೊರಡುವ ಮುಂಚೆ, ಹೋದೆ.

ಅಂದು ಮನೆಯಲ್ಲೇ ಸಿಕ್ಕರು. ಕೂರಲು ಹೇಳಿದರು, ಚಹಾ ತರಿಸಿದರು, ತಾಯಿಯ ಆರೋಗ್ಯ ಕೇಳಿದರು. ನಾನು ನಕಲು ಬಿಚ್ಚಿ ಮೊದಲಿನಿಂದ ಕೊನೆಯ ತನಕ ಗಟ್ಟಿಯಾಗಿ ಓದಿದೆ. ತಲೆ ಬಗ್ಗಿಸಿ ಕೇಳಿದರು. ಮುಗಿದ ಮೇಲೆ ಅವರ ಬಾಯಿಂದ ಮೊದಲು ಬಂದದ್ದು ಹೊಗಳಿಕೆ. ಉರ್ದು ಉಚ್ಚಾರ ನೆಟ್ಟಗಿದ್ದವರಿಗೆ ನಮ್ಮಲ್ಲಿ ಶೀನ್ ಕಾಫ್ ದುರುಸ್ತ್ ಎನ್ನುತ್ತಾರೆ. ನಿನ್ನ ಶೀನ್ ಕಾಫ್ ದುರುಸ್ತ್ ಇದೆ, ಯಾರು ಕಲಿಸಿದರು ಎಂದರು. ಆ ಮಾತಿನಲ್ಲಿ ಕುಹಕವಿರಲಿಲ್ಲ, ನಿಜವಾಗಿಯೂ ಸಂತೋಷಪಟ್ಟಿದ್ದರು. ಅದನ್ನು ಕಂಡು ನನ್ನ ಸಿಟ್ಟು ನೆತ್ತಿಗೇರಿತು.

"ಔಷಧಕ್ಕಲ್ಲ ಅಂತ ಯಾಕ ಬರದ್ರಿ?" ಎಂದೆ. "ತಪ್ಪು ಒಪ್ಪೇನಿ ಅಂತ ಬರದಿದ್ರ ಸಾಲ್ತಿದ್ದಿಲ್ಲೇನ್ರಿ?"

"ಇಲ್ಲ ತಂಗಿ. ಅಷ್ಟೇ ಬರದಿದ್ರ ಮ್ಯಾಜಿಸ್ಟ್ರೇಟ ಸಾಹೇಬ್ರು ನಿಲ್ಲಸ್ತಿದ್ರು. ದವಾಖಾನಿ ಬಾಟ್ಲಿ ಅಂದ ಮ್ಯಾಲ ಔಷಧಕ್ಕ ಇಟ್ಟಿದ್ದೇನು ಅಂತ ಕೇಳ್ತಿದ್ರು. ಕುರುಬನ್ನ ಒಳಗ ಕರೀತಿದ್ರು."

"ಅಂದ್ರ ನಾ ಗೆಲ್ತಿದ್ದೆನೇನ್ರಿ?"

ಅವರು ಕನ್ನಡಕ ತೆಗೆದು ಶೇರ್ವಾನಿಯ ಅಂಚಿನಿಂದ ಒರೆಸಿದರು. ನನ್ನ ಮುಖವನ್ನೇ ನೋಡಿದರು. ಸುಳ್ಳು ಹೇಳಬಹುದಾಗಿತ್ತು, ಹೇಳಲಿಲ್ಲ.

"ಗೆಲ್ತಿದ್ದಿ ತಂಗಿ," ಎಂದರು. "ಅದಕ್ಕೇ ಬರದೆ."